ಬೈಲಾ ಹದಿನೇಳು: ಪೆಟ್ಟಿಗೆವಾರು ಎಣಿಕೆ

ಮತಪೆಟ್ಟಿಗೆಗೆ ದುಡ್ಡಿರಲಿಲ್ಲ. ಹಳೆಯ ಜೇನುಪೆಟ್ಟಿಗೆಗಳನ್ನೇ
ತೊಳೆದು ಕಳಿಸಿದ್ದೆವು, ಏಳು.
ಹುಳ ಹೊಕ್ಕುವ ಸೀಳಿನಲ್ಲಿ ಚೀಟಿ ತೂರಿಸಿದ್ದರು ಜನ.
ಆರು ಬಸ್ಸಿನಲ್ಲಿ ಬಂದವು. ಮಾಕುಟ್ಟದ್ದು
ಬಿದಿರು ಲಾರಿಯ ಮುಂದಿನ ಸೀಟಿನಲ್ಲಿ,
ಡ್ರೈವರನ ಬುತ್ತಿಯ ಪಕ್ಕ.

ವಿರಾಜಪೇಟೆ, ಸಂಘದ ಗೋದಾಮು, ಮೇ ತಿಂಗಳು.
ನಾನು ಗುಮಾಸ್ತೆ. ಸಂಬಳದವರಿಗೆ ಮತವಿಲ್ಲ;
ಎಣಿಸುವ ಬೆರಳಷ್ಟೇ ನನ್ನದು.

ಪ್ರಶ್ನೆ ಒಂದೇ ಸಾಲಿನದು:
ಸದಸ್ಯ ಸತ್ತರೆ ಅವನ ಷೇರು, ಠೇವಣಿ, ಹುಳದ ಕುಟುಂಬಗಳು
ಜೊತೆಗೆ ಬಾಳಿದವನಿಗೆ ಹೋಗಬಹುದೇ,
ಅವನೂ ಗಂಡಸಾಗಿದ್ದರೆ?
ಸಂಘ ಹುಟ್ಟಿ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.
ಹೋದ ಕಕ್ಕಡದಲ್ಲಿ ಬೆಳ್ಯಪ್ಪ ತೀರಿಕೊಂಡ ಮೇಲೆ
ಕೇಳಲೇಬೇಕಾಯಿತು.
ಜತ್ತಪ್ಪ ಕೇಳಲಿಲ್ಲ. ಪಾಸ್‌ಬುಕ್ ಕೇಳಿತು.

ಕಾರ್ಯದರ್ಶಿಗಳು ಮೊದಲೇ ಲೆಕ್ಕ ಹಾಕಿದ್ದರು:
ಪೇಟೆಯವರು ಓದಿದವರು, ಹೌದೆನ್ನುತ್ತಾರೆ.
ಬೆಟ್ಟದ ಅಂಚಿನವರು, ಬಿಡಿ.
ಪೇಟೆಯ ಪೆಟ್ಟಿಗೆ ತೆರೆದೆ. ನಲವತ್ತೊಂದು ಹೌದು,
ಅರವತ್ತಮೂರು ಇಲ್ಲ. ಚೀಟಿಗಳೆಲ್ಲ ಅಚ್ಚುಕಟ್ಟು ಮಡಿಕೆ.
ಬಿರುನಾಣಿಯ ಪೆಟ್ಟಿಗೆ ತೆರೆದೆ.
ಮೂವತ್ತೊಂದು ಹೌದು. ಇಲ್ಲ ಆರೇ ಆರು.
ಕಾರ್ಯದರ್ಶಿಗಳು ಕನ್ನಡಕ ಒರೆಸಿ
ಇನ್ನೊಮ್ಮೆ ಎಣಿಸಮ್ಮ ಎಂದರು. ಎಣಿಸಿದೆ.

ಮಧ್ಯಾಹ್ನ ಅವರು ಊಟಕ್ಕೆ ಹೋದಾಗ
ಗೋಡೆಯ ನಕ್ಷೆಗೆ ಸೀಸದಕಡ್ಡಿಯಿಂದ ಗುರುತು ಹಾಕಿದೆ.
ಪಾಲಿಬೆಟ್ಟ ಹೌದು, ಕುಟ್ಟ ಹೌದು,
ಮಾಕುಟ್ಟದ ಹದಿನೈದರಲ್ಲಿ ಹನ್ನೆರಡು.
ಜಾತಿಯಿಂದ ನೋಡಿದೆ, ಹೊಂದಲಿಲ್ಲ.
ಎಕರೆಯಿಂದ ನೋಡಿದೆ. ಶಾಲೆ, ದೇವರಕಾಡು, ಬಸ್ಸಿನ ದಾರಿ.
ಊಹೂಂ.
ಕಡೆಗೆ ಜೀಪಿನ ಲಾಗ್‌ಬುಕ್ ತೆಗೆದು ಪಕ್ಕದಲ್ಲಿಟ್ಟೆ.

ಹೂಮಳೆ ಬಿದ್ದ ವಾರ ಕಾಫಿ ಬೆಳ್ಳಗೆ ಅರಳಿದಾಗ
ಪೆಟ್ಟಿಗೆ ಹೇರಿಕೊಂಡು ಅವರಿಬ್ಬರೂ ಎಲ್ಲೆಲ್ಲಿ ಹೋಗಿದ್ದರೋ
ಅಲ್ಲೆಲ್ಲ ಹೌದು.
ಬಿರುನಾಣಿಯಲ್ಲಿ ಗಾಳಿಗೆ ಮರ ಉರುಳಿ ಗೂಡೆಲ್ಲ ನುಚ್ಚಾದ ವರ್ಷ
ಹನ್ನೊಂದು ದಿನ ಶಾಲೆಯ ಜಗಲಿಯಲ್ಲಿ
ಒಂದೇ ಕಂಬಳಿಯಡಿ ಮಲಗಿ ರಿಪೇರಿ ಮಾಡಿಕೊಟ್ಟಿದ್ದರು.
ಅಲ್ಲಿನ ಕಾವೇರವ್ವ ಆಮೇಲೆ ನನಗೆ ಹೇಳಿದ್ದರು:
ಒಬ್ಬನ ಕಾಫಿ ಇನ್ನೊಬ್ಬ ಊದಿ ಕೊಡುತ್ತಿದ್ದ,
ನಮ್ಮವರು ನನಗೆ ಒಂದು ದಿನ ಊದಿದ್ದಿಲ್ಲ.

ನೋಡಿದವರು ಒಪ್ಪುತ್ತಾರೆ ಎಂದು ನಕ್ಷೆಯ ಅಂಚಿಗೆ ಬರೆಯಹೊರಟೆ.
ಏಳನೆಯ ಪೆಟ್ಟಿಗೆ ಉಳಿದಿತ್ತು, ಅವರದೇ ಊರಿನದು.
ಆ ಊರಿನ ಹೆಸರು ಇಲ್ಲಿ ಬೇಡ.
ಮೂವತ್ತು ವರ್ಷ ಬೇಲಿಯಾಚೆಯಿಂದ
ಅವರನ್ನು ದಿನವೂ ನೋಡಿದವರು.
ಹೌದು ಎಂಟು. ಇಲ್ಲ ಐವತ್ತೆರಡು.
ಸೀಸದಕಡ್ಡಿ ಕೆಳಗಿಟ್ಟೆ.

ಅದರಲ್ಲೇ ಅಸಿಂಧು ಒಂದು.
ಎರಡು ಚೌಕವೂ ಖಾಲಿ. ಕೆಳಗೆ ನಡುಗುವ ಅಕ್ಷರ:
ಜತ್ತಪ್ಪನ ಊಟ ಯಾರು ನೋಡುತ್ತಾರೆ ಕೇಳಿ.
ಕೈಬರಹವಿದ್ದರೆ ಚೀಟಿ ರದ್ದು. ನಿಯಮ ಬೆರಳಚ್ಚು ಮಾಡಿದ್ದೇ ನಾನು.
ರದ್ದು ಮಾಡಿದೆ. ಅಡಿಗೆ ಮೇಣ ಅಂಟಿತ್ತು,
ಕವರಿನೊಳಗೆ ಹೋಗಲು ಹಟ ಮಾಡಿತು.

ಒಟ್ಟು ನೂರ ಎಪ್ಪತ್ತನಾಲ್ಕು, ಇನ್ನೂರ ಐದು.
ತಿದ್ದುಪಡಿ ಬಿತ್ತು. ಕಾರ್ಯದರ್ಶಿಗಳು ಸಹಿ ಹಾಕಿ
ಮುಂದಿನ ಮಹಾಸಭೆಯಲ್ಲಿ ನೋಡೋಣ ಎಂದರು,
ದನಿ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ನಾಲ್ಕು ಗಂಟೆಗೆ ಜತ್ತಪ್ಪ ಬಂದ. ಎರಡು ತಗಡಿನ ಡಬ್ಬ.
ಫಲಿತಾಂಶದ ಹಾಳೆ ಬಾಗಿಲಲ್ಲೇ ಅಂಟಿಸಿತ್ತು,
ಓದಿದನೋ ಇಲ್ಲವೋ. ತೂಕ ಹಾಕಿ ಎಂದ.
ರಸೀತಿ ಪುಸ್ತಕ ತೆರೆದೆ.
ಸದಸ್ಯರು: ಅಲ್ಲಿ ಇನ್ನೂ ಬೆಳ್ಯಪ್ಪನದೇ ನಂಬರು.
ತಂದವರು: ಆ ಕಾಲಮ್ಮಿನಲ್ಲಿ
ನಾನು ಕೆಲಸಕ್ಕೆ ಸೇರಿದಂದಿನಿಂದ ಒಂದೇ ಹೆಸರು.
ಬರೆದೆ. ಇಂಕು ಒಣಗಲೆಂದು ಊದಿದೆ.
ಮೂವತ್ತೆರಡು ಕಿಲೋ ಆರುನೂರು ಗ್ರಾಂ,
ಡಬ್ಬದ ತೂಕ ಕಳೆದು.